ಕಸಿಗೆರೆಯ ಕೆಳಗಿನ ಚಿಗುರು

ಸೊಸೆಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬೆಳಗಿನ ತಿಂಡಿಯ ತಟ್ಟೆಯ ಮುಂದಿನಿಂದ ಎರಡು ತುತ್ತಿಗೊಮ್ಮೆ ಎದ್ದು ಹೋಗಿ, ಕೈಚೀಲದಲ್ಲಿದ್ದ ಹಾಳೆಯೊಂದನ್ನು ಬಿಡಿಸಿ ನೋಡಿ, ಮತ್ತೆ ಮಡಿಸಿಟ್ಟು ಬರುತ್ತಿದ್ದಳು. ಹಾಳೆಯ ಮೇಲಿದ್ದದ್ದು ಕಳ್ಳಿಗಿಡಗಳ ವಂಶವೃಕ್ಷ. ಕತ್ತರಿಸಿದರೆ ಬಿಳಿಹಾಲು ಸುರಿಸುವ ಆ ದೊಡ್ಡ ಬಳಗದಲ್ಲಿ ಯಾರು ಯಾರಿಗೆ ಅಕ್ಕತಂಗಿ, ಯಾರು ದೂರದ ದಾಯಾದಿ ಎಂಬುದನ್ನು ಎಲೆಯೊಳಗಿನ ಡಿಎನ್‌ಎ ಓದಿ ಅವಳೇ ಕಟ್ಟಿದ್ದಳು. ಕವಲುಗಳೆಲ್ಲ ಸರಿಯಾಗಿದ್ದವು, ಒಂದರ ಹೊರತು. ಆ ಒಂದು ಕವಲಿನ ತುದಿಯಲ್ಲಿ ಅವಳ ಅತ್ತೆಯ ಗಿಡವಿತ್ತು.

ಅತ್ತೆ ಎದುರಿಗೇ ಕೂತು ನಿಧಾನವಾಗಿ ತಿನ್ನುತ್ತಿದ್ದರು. ಸೊಸೆ ಈಗ ಕೆಲಸ ಮಾಡುತ್ತಿದ್ದ ಸಸ್ಯಸಂಶೋಧನಾ ಸಂಸ್ಥೆಯಲ್ಲಿಯೇ ಅವರೂ ಜೀವಮಾನವೆಲ್ಲ ದುಡಿದು ನಿವೃತ್ತರಾದವರು. ಅವರ ಕಾಲದಲ್ಲಿ ಗಿಡಗಳ ವರ್ಗೀಕರಣವೆಂದರೆ ಕಣ್ಣು, ಭೂತಗನ್ನಡಿ ಮತ್ತು ತಾಳ್ಮೆ. ಯೌವನದಲ್ಲಿ ಕಲ್ಲಿನ ಇಳಿಜಾರೊಂದರಲ್ಲಿ ಹೆಬ್ಬೆರಳಿನಷ್ಟು ದಪ್ಪದ, ಬೂದುಬಣ್ಣದ ಕಳ್ಳಿಯೊಂದು ಅವರ ಕಣ್ಣಿಗೆ ಬಿದ್ದಿತ್ತು. ಕಳ್ಳಿಯಲ್ಲಿ ಹೂವೆಂದು ನಮಗೆ ತೋರುವುದು ಒಂದು ಹೂವಲ್ಲ. ಸಣ್ಣ ಬಟ್ಟಲಿನೊಳಗೆ ಒತ್ತಿಕೊಂಡು ಕೂತ ಹಲವು ಹೂಗಳ ಗುಂಪು. ಬಟ್ಟಲಿನ ಅಂಚಿಗೆ ಜೇನು ಒಸರುವ ಗ್ರಂಥಿಗಳು ಬಿಡಿಬಿಡಿಯಾಗಿರುತ್ತವೆ. ಈ ಗಿಡದಲ್ಲಿ ಮಾತ್ರ ಅವು ಒಂದಕ್ಕೊಂದು ಬೆಸೆದು, ಬಿರುಕಿಲ್ಲದ ಉಂಗುರವಾಗಿದ್ದವು. ಆ ಉಂಗುರದ ಬಲದಿಂದಲೇ ಅತ್ತೆ ಅದಕ್ಕೊಂದು ಪ್ರತ್ಯೇಕ ಕುಲವನ್ನು, ಅಂದರೆ ಸಾಮಾನ್ಯವಾಗಿ ಹಲವು ಪ್ರಭೇದಗಳು ಸೇರುವ ಮನೆತನವನ್ನೇ, ಸ್ಥಾಪಿಸಿದರು. ಕುಲವೂ ಒಂದು, ಅದರಲ್ಲಿ ಗಿಡವೂ ಒಂದೇ. ವಿದ್ವತ್ತಿನ ಪುಸ್ತಕಗಳಲ್ಲಿ ಆ ಕುಲದ ಹೆಸರಿನ ಪಕ್ಕಕ್ಕೆ ಅವರ ಹೆಸರು ಅಚ್ಚಾಯಿತು. ಮನೆಯಲ್ಲಿ ಅವರ ಒಬ್ಬನೇ ಮಗ ಆ ಗಿಡವನ್ನು ‘ನನ್ನ ತಂಗಿ’ ಎಂದು ಕರೆದು ಬೆಳೆದ.

ಈಗ ಸೊಸೆಯ ಹಾಳೆ ಹೇಳುತ್ತಿದ್ದದ್ದು ಬೇರೆ. ಆ ತಂಗಿ ಪ್ರತ್ಯೇಕ ಕುಲದವಳಂತೂ ಅಲ್ಲ, ಪ್ರತ್ಯೇಕ ಪ್ರಭೇದವೂ ಅಲ್ಲ. ಹೊಲದ ಅಂಚಿಗೆ, ರಸ್ತೆಯ ಬದಿಗೆ ಯಾರು ಬೇಕಾದರೂ ನೆಡುವ ಬೇಲಿಕಳ್ಳಿ.

“ನಾನು ಯಾವ ಕುಲ ಅಂತ ನೀವಿಬ್ರೂ ಕೂತು ಮೊದಲು ತೀರ್ಮಾನ ಮಾಡಿ,” ಎಂದ ಮಗ. ಅವನು ಹಲ್ಲಿನ ವೈದ್ಯ. ತಾಯಿ ಮತ್ತು ಹೆಂಡತಿಯ ನಡುವಿನ ಕುರ್ಚಿ ಅವನಿಗೆ ಮೀಸಲು. “ಆಮೇಲೆ ಆ ಗಿಡದ ವಿಷಯ ನೋಡ್ಕೊಳ್ಳಿ.”

“ನಿಂದು ಹಲ್ಲು ಕೀಳೋ ಕುಲ. ಅದಕ್ಕೆ ಡಿಎನ್‌ಎ ಬೇಕಾಗಿಲ್ಲ,” ಎಂದರು ಅತ್ತೆ.

ಅವರ ಮುಖದಲ್ಲಿ ನೋವಿರಲಿಲ್ಲ. ಸೊಸೆಯನ್ನು ಕಾಡುತ್ತಿದ್ದದ್ದು ಅದೇ. ತನ್ನ ಹೆಸರಿನ ಕುಲವೊಂದು ಬೇಲಿಯ ಪಾಲಾಗುವುದನ್ನು ಕೇಳಿ, ಇಷ್ಟು ಸ್ವಸ್ಥವಾಗಿ ಚಹಾ ಗುಟುಕರಿಸುವವರು ಈ ಲೋಕದಲ್ಲಿ ಯಾರಿದ್ದಾರೆ? ಅವಳು ಚಪ್ಪಲಿ ಮೆಟ್ಟಿಕೊಂಡು, ತಿಂಡಿಯನ್ನು ಅರ್ಧಕ್ಕೇ ಬಿಟ್ಟು ಹೊರಟಳು.

ಸಂಸ್ಥೆಯಲ್ಲಿ ಈ ಸುದ್ದಿ ಆಗಲೇ ನಗೆಯ ಸರಕಾಗಿತ್ತು. ಅತ್ತೆ-ಸೊಸೆಯರ ಜಗಳ ಸಸ್ಯರಾಜ್ಯಕ್ಕೂ ಕಾಲಿಟ್ಟಿತು ಎಂದು ಮೆಟ್ಟಿಲ ಮೇಲೆ, ಕ್ಯಾಂಟೀನಿನಲ್ಲಿ ಆಡಿಕೊಳ್ಳುತ್ತಿದ್ದರು. ನಿರ್ದೇಶಕರಂತೂ ಬರಲಿದ್ದ ವಾರ್ಷಿಕ ಸಭೆಗೆ ಸೊಸೆಯ ಈ ಶೋಧವನ್ನೇ ಮುಖ್ಯ ಭಾಷಣವಾಗಿಸಿ, ಹಳೆಯ ಕುಲವೊಂದರ ಪತನ ಎಂಬ ತಲೆಬರಹದ ಭಿತ್ತಿಪತ್ರವನ್ನು ಹಜಾರದ ಗೋಡೆಗೆ ಅಂಟಿಸಿಯೂ ಬಿಟ್ಟಿದ್ದರು. ಹೊಸ ಯಂತ್ರಗಳನ್ನು ಕೊಡಿಸುವ ಸಮಿತಿಯವರು ಸಭೆಗೆ ಬರುವವರಿದ್ದರು. ಯಂತ್ರ ಏನನ್ನಾದರೂ ಉರುಳಿಸಿ ತೋರಿಸಿದರೆ ಅವರ ಮನಸ್ಸು ಕರಗುತ್ತದೆ ಎಂಬುದು ನಿರ್ದೇಶಕರ ಲೆಕ್ಕಾಚಾರ. ಉರುಳಿದ್ದು ನಿಜವಾಗಿ ಉರುಳಿತೇ ಎಂದು ಕೇಳುವ ವ್ಯವಧಾನ ಅವರಿಗಿರಲಿಲ್ಲ. ವಿದ್ಯೆಯ ಮನೆಯ ಯಜಮಾನಿಕೆ ವಹಿಸಿದವರಿಗೆ ಇರಬೇಕಾದ ಮೊದಲ ಗುಣ ಆ ವ್ಯವಧಾನ. ಮೊದಲು ಕಳೆದುಕೊಳ್ಳುವುದೂ ಅದನ್ನೇ.

ಸೊಸೆಯ ಸಂಶಯ ಸರಳವಾಗಿತ್ತು. ಒಂದೇ ತಾಯಿಯ ಮಕ್ಕಳಲ್ಲಿಯೂ ಅಲ್ಲೊಂದು ಇಲ್ಲೊಂದು ಅಕ್ಷರದ ವ್ಯತ್ಯಾಸವಿರುತ್ತದೆ. ಒಂದೇ ಪ್ರಭೇದದ ಎರಡು ಗಿಡಗಳಲ್ಲಂತೂ ಇದ್ದೇ ಇರುತ್ತದೆ. ಆದರೆ ಅತ್ತೆಯ ಗಿಡದ ಡಿಎನ್‌ಎ ಮತ್ತು ಸಂಸ್ಥೆಯ ಕಾಂಪೌಂಡಿನ ಬೇಲಿಕಳ್ಳಿಯ ಡಿಎನ್‌ಎ, ಅವಳು ಓದಿದ ಉದ್ದಕ್ಕೂ, ಅಕ್ಷರಕ್ಕೆ ಅಕ್ಷರ ಒಂದೇ ಆಗಿದ್ದವು. ಇದು ಬಂಧುತ್ವವಲ್ಲ, ನಕಲು. ಕಳ್ಳಿಯ ಹಾಲು ಅಂಟು. ಬ್ಲೇಡಿನ ಅಂಚಿಗೆ ಮೆತ್ತಿಕೊಂಡರೆ ಒಂದು ಗಿಡದ ಗುರುತನ್ನು ಇನ್ನೊಂದಕ್ಕೆ ದಾಟಿಸಿಬಿಡುತ್ತದೆ. ತಾನೇ ಬ್ಲೇಡು ಒರೆಸುವುದನ್ನು ಮರೆತೆನೇನೋ ಎಂದು ಅವಳು ತನ್ನನ್ನೇ ಶಂಕಿಸಿದಳು. ಹೊಸ ಬ್ಲೇಡು, ಹೊಸ ಕೈಗವಸು, ಹೊಸ ನಳಿಕೆಗಳನ್ನು ತೆಗೆದುಕೊಂಡು, ಅದೇ ಕುಂಡದ ಅದೇ ಪಕ್ಕದ ಚಿಗುರಿನಿಂದ ಎಳೆಯ ಎಲೆಗಳನ್ನು ತಂದು ಎಲ್ಲವನ್ನೂ ಮೊದಲಿನಿಂದ ಮಾಡಿದಳು. ಉತ್ತರ ಬದಲಾಗಲಿಲ್ಲ.

ಎರಡು ಸಲ ಬಂತಲ್ಲ, ಇನ್ನೇನು ಬೇಕು ಎಂದು ನಿರ್ದೇಶಕರು ಬೆನ್ನು ತಟ್ಟಿದರು. ಬೆನ್ನು ತಟ್ಟಿಸಿಕೊಂಡವಳಿಗೆ ಮೈಯೆಲ್ಲ ಮುಳ್ಳಾಡಿದಂತಾಯಿತು.

ಅಂದು ಮಧ್ಯಾಹ್ನ ಊಟಕ್ಕೂ ಹೋಗದೆ ಅವಳು ಗಾಜಿನ ಮನೆಗೆ ನಡೆದಳು. ಒಳಗೆ ಒಣ ಸೆಕೆ. ಕಬ್ಬಿಣದ ಕಟ್ಟೆಗಳ ಮೇಲೆ ಕುಂಡಗಳು ಸಾಲಾಗಿದ್ದವು; ಪ್ರತಿಯೊಂದರ ಕೊರಳಿಗೂ ತಂತಿಯಲ್ಲಿ ಪೋಣಿಸಿದ ತಗಡಿನ ಚೀಟಿ. ಅತ್ತೆಯ ಕುಂಡ ಕಿಟಕಿಯ ಬದಿಗಿತ್ತು. ಇದುವರೆಗೆ ಅವಳು ಅದರ ಬಳಿಗೆ ಎಲೆ ಕೀಳಲು ಬಂದಿದ್ದಳೇ ಹೊರತು ಗಿಡ ನೋಡಲು ಬಂದಿರಲಿಲ್ಲ. ಪ್ರಯೋಗಾಲಯದ ಕಲಿಕೆಯ ದೋಷವೇ ಇದು: ಎಳೆಯ ಎಲೆ ಸಿಕ್ಕರೆ ಸಾಕು, ಅದರಲ್ಲಿ ಡಿಎನ್‌ಎ ಸುಲಭವಾಗಿ ಬಿಡಿಸಿಕೊಳ್ಳುತ್ತದೆ, ಎಲೆಯನ್ನು ಹೊತ್ತ ಗಿಡ ಹೇಗಿದೆ ಎಂಬುದು ಯಾರ ಪಾಠದಲ್ಲೂ ಇರುವುದಿಲ್ಲ.

ಈಗ ಅವಳು ಬಗ್ಗಿ ಬುಡದಿಂದ ನೋಡುತ್ತ ಬಂದಳು. ಬುಡದಿಂದ ಗೇಣುದ್ದದವರೆಗೆ ಕಾಂಡಕ್ಕೆ ಏಣುಗಳಿದ್ದವು, ಹಸಿರು ಗಾಢವಾಗಿತ್ತು. ಅವಳು ಎಲೆ ಕಿತ್ತಿದ್ದ ಚಿಗುರು ಆ ಏಣಿನ ಮಗ್ಗುಲಿನಿಂದಲೇ ಹೊರಟಿತ್ತು. ಅದಕ್ಕೂ ಮೇಲೆ, ಕಾಂಡದ ತುದಿಯಲ್ಲಿ, ಬೂದುಬಣ್ಣದ ಮೊಂಡು ತಲೆಯೊಂದು, ಏಣಿಲ್ಲ, ಎಲೆಯಿಲ್ಲ. ಬಿಸಿಲಿಗೆ ಬೆಂದ ತುದಿ ಎಂದುಕೊಂಡಿದ್ದಳು. ಹಸಿರು ಮುಗಿದು ಬೂದು ಆರಂಭವಾಗುವ ಕಡೆ ಕೂದಲೆಳೆಯಂಥ ಒಂದು ಗೆರೆ ಕಾಂಡವನ್ನು ಸುತ್ತಿಕೊಂಡಿತ್ತು. ಗೆರೆಯ ಎರಡೂ ಬದಿಗೆ, ಹಿಂದೆಂದೋ ದಾರ ಬಿಗಿದ ಗುರುತು.

ಇದು ಒಂದು ಗಿಡವಲ್ಲ, ಎರಡು. ಬೇಲಿಕಳ್ಳಿಯ ಕಾಂಡವನ್ನು ಕತ್ತರಿಸಿ, ಅದರ ತಲೆಯ ಮೇಲೆ ಅತ್ತೆಯ ಗಿಡದ ತುಂಡನ್ನು ಕೂರಿಸಿ ಯಾರೋ ಕಸಿ ಕಟ್ಟಿದ್ದರು. ಅವಳು ಎಲೆ ತಂದಿದ್ದು ಗೆರೆಯ ಕೆಳಗಿನಿಂದ. ಚೀಟಿ ಕುಂಡಕ್ಕೆ ತೂಗುತ್ತಿತ್ತು, ಗಿಡಕ್ಕಲ್ಲ. ಚೀಟಿಯಲ್ಲಿದ್ದದ್ದು ಮೇಲಿನ ತಲೆಯ ಹೆಸರು, ನಳಿಕೆಗೆ ಬಿದ್ದದ್ದು ಕೆಳಗಿನ ಬುಡದ ಎಲೆ. ಹೊರಗೆ ಬೇಲಿಯಲ್ಲಿದ್ದ ಗಿಡದ ಒಂದು ತುಂಡೇ ಇಲ್ಲಿ ಬುಡವಾಗಿತ್ತು. ಅಕ್ಷರಕ್ಕೆ ಅಕ್ಷರ ಒಂದೇ ಇರದೆ ಇನ್ನೇನು? ಅತ್ತೆಯ ಗಿಡದ ಡಿಎನ್‌ಎಯನ್ನು ಅವಳು ಓದಿಯೇ ಇರಲಿಲ್ಲ.

ಮೊದಲು ಅವಳಿಗೆ ನಾಚಿಕೆಯಾಯಿತು. ಆಮೇಲೆ ಇನ್ನೊಂದು ನೆನಪು ಬಂದು ನಾಚಿಕೆಯನ್ನು ಬದಿಗೆ ತಳ್ಳಿತು. ಮೊದಲ ಸಲ ಅವಳು ಎಲೆ ಕತ್ತರಿಸಿದ ದಿನ ಅತ್ತೆ ಇಲ್ಲಿಯೇ ಇದ್ದರು. ನಿವೃತ್ತರಾದ ಮೇಲೂ ದಿನಾ ಬೆಳಿಗ್ಗೆ ಬಂದು ಕುಂಡಗಳಿಗೆ ನೀರು ಹಾಕುವ ಅವರು, ಕೈಯಲ್ಲಿ ನೀರಿನ ಕ್ಯಾನು ಹಿಡಿದು, ಪಕ್ಕದಲ್ಲಿ ನಿಂತು ನೋಡುತ್ತಿದ್ದರು. ಹುಷಾರು, ಹಾಲು ಕಣ್ಣಿಗೆ ಸಿಡಿದೀತು ಎಂದೂ ಹೇಳಿದ್ದರು. ಅದೊಂದನ್ನು ಹೇಳಿದವರು ಇನ್ನೊಂದನ್ನು ಹೇಳಲಿಲ್ಲ.

ಅವಳು ಮನೆಗೆ ನಡೆದದ್ದಲ್ಲ, ಓಡಿದ್ದು. ಅತ್ತೆ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದರು. ಸೊಸೆಯ ಏದುಸಿರನ್ನು ಕೇಳಿ ತಲೆಯೆತ್ತಿದವರು, ಮುಖ ನೋಡಿದೊಡನೆ ಚಾಕುವನ್ನು ಮಣೆಯ ಮೇಲಿಟ್ಟರು.

“ಗೊತ್ತಾಯ್ತಾ?” ಎಂದರು. “ಸಭೆಗೆ ಮುಂಚೆ ಗೊತ್ತಾಗಲ್ಲ ಅಂದ್ಕೊಂಡಿದ್ದೆ.”

“ನಾನು ಚಿಗುರು ಕತ್ತರಿಸುವಾಗ ನೀವು ಅಲ್ಲೇ ನಿಂತಿದ್ರಿ, ಅತ್ತೆ.”

“ನಿಂತಿದ್ದೆ. ನೀನು ಕೇಳಲಿಲ್ಲ.”

“ನೀವು ಹೇಳಲಿಲ್ಲ.”

ಆಮೇಲಿನ ಮಾತುಗಳಲ್ಲಿ ಅತ್ತೆ ಏನನ್ನೂ ಮುಚ್ಚಿಡಲಿಲ್ಲ. ಮುಚ್ಚಿಡುವ ಕಾಲ ದಾಟಿತ್ತು. ಹಿಂದೊಮ್ಮೆ ಗಿಡದ ಬೇರು ಕೊಳೆತು, ಉಳಿದದ್ದು ಬೆರಳ ತುದಿಯಷ್ಟು ಮಾತ್ರ ಎಂದಾದಾಗ, ರಜೆಯ ದಿನ ಅವರೊಬ್ಬರೇ ಬಂದು ಕಸಿ ಕಟ್ಟಿದ್ದರು. ಅದು ಹುಟ್ಟಿದ ಇಳಿಜಾರನ್ನು ಅಷ್ಟರಲ್ಲಿ ಅಗೆದು ರಸ್ತೆ ಮಾಡಿಯಾಗಿತ್ತು. ಇನ್ನೊಂದು ಗಿಡ ಎಲ್ಲಿಯೂ ಸಿಕ್ಕಿರಲಿಲ್ಲ. ಚೀಟಿಯಲ್ಲಿ ಯಾಕೆ ಬರೆಯಲಿಲ್ಲ ಎಂದು ಸೊಸೆ ಕೇಳಿದಳು.

“ಏನಂತ ಬರೀಲಿ? ಬೇಲಿಕಳ್ಳಿ ಬೇರಿನ ಮೇಲೆ ಬದುಕ್ತಾ ಇದೆ ಅಂತ ಬರೆದು ನೇತುಹಾಕ್ಲಾ? ನೋಡಿದೋರು ನಗಲ್ವಾ?”

ಸಭೆಯ ದಿನ ಮುಂದಿನ ಸಾಲಿನಲ್ಲಿ ಕೂತು, ಸೊಸೆಯ ಭಾಷಣ ಮುಗಿದ ಮೇಲೆ ಎದ್ದು, ಎಲೆಯನ್ನು ಗೆರೆಯ ಮೇಲಿನಿಂದ ತೆಗೆದೆಯೋ ಕೆಳಗಿನಿಂದಲೋ ಎಂಬ ಒಂದೇ ಪ್ರಶ್ನೆ ಕೇಳಬೇಕೆಂದಿದ್ದರು ಅತ್ತೆ. ಆ ಒಂದು ಪ್ರಶ್ನೆಗೆ ಸೊಸೆ ಕಟ್ಟಿದ ಮರವೆಲ್ಲ ಮಗುಚಿ ಬೀಳುತ್ತಿತ್ತು. ಯಂತ್ರಗಳನ್ನು ನಂಬಿ ಗಿಡ ನೋಡುವುದನ್ನೇ ಬಿಟ್ಟ ಈಗಿನವರಿಗೆ ಅದೊಂದು ಪಾಠವಾಗುತ್ತಿತ್ತು ಎಂದರು.

ಸೊಸೆ ಅಲ್ಲಿಂದಿಲ್ಲಿಗೆ ನಡೆದಾಡುತ್ತಲೇ ಕೇಳಿದಳು. ಅವಳ ಸಿಟ್ಟಿಗೆ ಎರಡು ಕಾರಣಗಳಿದ್ದವು. ಚಿಕ್ಕದು, ನಾಲ್ಕು ಜನರೆದುರು ತನಗಾಗಬಹುದಾಗಿದ್ದ ಅವಮಾನ. ದೊಡ್ಡದು ಬೇರೆ. ಸುಳ್ಳೊಂದು ತನ್ನೆದುರೇ ಹುಟ್ಟುವುದನ್ನು ಕಂಡೂ, ಅದು ಬೆಳೆಯಲಿ, ತಕ್ಕ ಹೊತ್ತಿಗೆ ಕೊಯ್ಯೋಣ ಎಂದು ನೀರೆರೆಯುತ್ತ ಕಾದವರೂ ಆ ಸುಳ್ಳಿಗೆ ತಾಯಿಯೇ. ಬಾಯಿ ಬಿಡದ ಮಾತ್ರಕ್ಕೆ ಅವರ ನಾಲಿಗೆ ಶುದ್ಧವಾಗುವುದಿಲ್ಲ.

“ಪಾಠ ಕಲಿಸೋಕೆ ಹೊರಟೋರು ಮೊದಲು ತಪ್ಪು ತಿದ್ದಬೇಕಿತ್ತು,” ಎಂದಳು. “ನಾನು ಭಾಷಣ ವಾಪಸ್ ತಗೋತೀನಿ. ತಪ್ಪು ನಂದು ಅಂತ ನಾನೇ ಹೇಳ್ತೀನಿ. ಆದ್ರೆ ಆ ಮೇಲಿನ ತಲೆಯಿಂದ ನಂಗೊಂದು ಚೂರು ಕೊಡಿ.”

ಅತ್ತೆಯ ಮುಖದ ಸ್ವಸ್ಥತೆ ಮೊದಲ ಬಾರಿಗೆ ಕದಡಿತು. ಅವರು ಚಾಕುವನ್ನು ಎತ್ತಿಕೊಂಡರು, ಮತ್ತೆ ಇಟ್ಟರು.

“ಅದಿರೋದೇ ಅಷ್ಟು. ಕತ್ತರಿಸಿದ್ರೆ ಸಾಯುತ್ತೆ.”

“ಸಾಯದ ಹಾಗೆ ಕತ್ತರಿಸೋದು ನಿಮಗೆ ಗೊತ್ತು.”

“ಒಣಗಿಸಿಟ್ಟ ಮಾದರಿ ಇದೆಯಲ್ಲ, ಅದರಲ್ಲಿ ತಗೋ.”

ಅದು ಆಗದೆಂಬುದು ಇಬ್ಬರಿಗೂ ತಿಳಿದಿತ್ತು. ಹಾಳೆಗೆ ಅಂಟಿಸುವ ಮುನ್ನ ರಸಭರಿತ ಕಳ್ಳಿಯನ್ನು ಕುದಿನೀರಿಗೆ ಅದ್ದಿ ಕೊಂದರಷ್ಟೇ ಅದು ಒಣಗುತ್ತದೆ. ಆ ಕುದಿತದಲ್ಲಿ ಡಿಎನ್‌ಎ ಚೂರುಚೂರಾಗುತ್ತದೆ. ಅತ್ತೆ ಮತ್ತೆ ಈರುಳ್ಳಿಗೆ ಕೈ ಹಾಕಿದರು. ಗಿಡ ಸಾಯುವ ಭಯದ ಹಿಂದೆ ಇನ್ನೊಂದು ಭಯ ಅವಿತಿರುವುದು ಸೊಸೆಗೆ ಕಾಣುತ್ತಿತ್ತು. ನಿಜವಾದ ತುಂಡು ನಿಜವಾದ ಉತ್ತರ ಕೊಡುತ್ತದೆ. ಆ ಉತ್ತರ ಯಾವ ಕಡೆಗಿರುವುದೋ ಯಾರಿಗೂ ಗೊತ್ತಿಲ್ಲ.

ಮರುದಿನ ನಿರ್ದೇಶಕರ ಕೋಣೆಯಲ್ಲಿ ಅವಳು ಎಲ್ಲವನ್ನೂ ವಿವರಿಸಿದಳು. ಅತ್ತೆ ನಿಂತಿದ್ದ ಸಂಗತಿಯೊಂದನ್ನು ಬಿಟ್ಟು. ನಿರ್ದೇಶಕರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಇಂಥ ಒಂಟಿ ಕುಲಗಳು ಎಷ್ಟೋ ಕಡೆ ಬಿದ್ದಿವೆ, ಇದೂ ಬೀಳುವುದೇ ಎಂದರು. ನಿಜವಾದ ತುಂಡನ್ನು ಓದಿದರೂ ಅದೇ ಬರುತ್ತದೆ ಎಂದರು.

“ಉತ್ತರ ಹೇಗೂ ಅದೇ ಮೇಡಂ. ಮಾದರಿ ಎಲ್ಲಿಂದ ಬಂತು ಅಂತ ಯಾರು ಕೇಳ್ತಾರೆ?”

“ನಾನು ಕೇಳ್ತಿದ್ದೀನಿ ಸರ್.”

ನಿಮ್ಮ ಹುದ್ದೆಯನ್ನು ಕಾಯಂ ಮಾಡುವ ವಿಷಯ ಈ ತಿಂಗಳೇ ನೇಮಕಾತಿ ಸಮಿತಿಯ ಮುಂದೆ ಬರುವುದಿದೆ ಎಂದು ಅವರು ಮೃದುವಾಗಿ ನೆನಪಿಸಿದರು. ಬೆದರಿಕೆಯನ್ನು ಹಿತವಚನದಂತೆ ಆಡುವುದರಲ್ಲಿ ಕೆಲವರದು ಎತ್ತಿದ ಕೈ. ಉತ್ತರ ಸರಿಯಿದ್ದರೆ ದಾರಿ ಹೇಗಿದ್ದರೇನು ಎನ್ನುವವನನ್ನು ಶಾಲೆಯಲ್ಲಿ ನಾವು ಬೆಂಚಿನ ಮೇಲೆ ನಿಲ್ಲಿಸುತ್ತೇವೆ. ದೊಡ್ಡವನಾದ ಮೇಲೆ ಅವನಿಗೆ ತಿರುಗುವ ಕುರ್ಚಿ ಕೊಡುತ್ತೇವೆ. ಸೊಸೆ ನಮಸ್ಕರಿಸಿ ಹೊರಬಂದು, ಹಜಾರದ ಗೋಡೆಯ ಭಿತ್ತಿಪತ್ರವನ್ನು ತಾನೇ ಕಿತ್ತು ಮಡಿಸಿ ಕಸದ ಬುಟ್ಟಿಗೆ ಹಾಕಿದಳು.

ಮನೆಯಲ್ಲಿ ಮಾತು ನಿಂತಿತು. ಅತ್ತೆ ಸೊಸೆಗೆ ಹೇಳಬೇಕಾದ್ದನ್ನು ಮಗನಿಗೆ ಹೇಳುತ್ತಿದ್ದರು, ಸೊಸೆ ಅತ್ತೆಗೆ ಹೇಳಬೇಕಾದ್ದನ್ನು ಗಂಡನಿಗೆ. ಉಪ್ಪಿನ ಡಬ್ಬಿ ಎಲ್ಲಿದೆ ಎಂಬುದಕ್ಕೂ ಅವನೇ ಅಂಚೆಯವನು. ಒಂದು ಮಧ್ಯಾಹ್ನ ಅವನು ಊಟಕ್ಕೆ ಕೂತಲ್ಲಿಯೇ ಕೈಮುಗಿದ.

“ನನ್ನ ಹತ್ರ ಬರೋರಿಗೆ ಬಾಯಿ ತೆಗೆಸೋದೇ ಕಷ್ಟ ಅಂದ್ಕೊಂಡಿದ್ದೆ. ಮನೇಲೂ ಅದೇ ಕೆಲಸ ಆಯ್ತಲ್ಲ.”

ಸೊಸೆ ತಟ್ಟೆ ಎತ್ತಿಕೊಂಡು ಎದ್ದಳು. ಪ್ರಯೋಗಾಲಯದಲ್ಲಿ ಅವಳು ಮಾಡುವ ಕೆಲಸವಿರಲಿಲ್ಲ, ಆದರೂ ಹೋಗುತ್ತಿದ್ದಳು. ತೊಳೆದ ನಳಿಕೆಗಳನ್ನೇ ಮತ್ತೆ ತೊಳೆಯುತ್ತಿದ್ದಳು, ಗಾಜಿನ ಮನೆಯ ಬಾಗಿಲವರೆಗೆ ಹೋಗಿ ಒಳಗೆ ಕಾಲಿಡದೆ ತಿರುಗುತ್ತಿದ್ದಳು. ಬ್ಲೇಡು ಅವಳ ಜೇಬಿನಲ್ಲಿತ್ತು. ಅತ್ತೆಯಿಲ್ಲದ ಹೊತ್ತಿನಲ್ಲಿ ಒಂದು ಚೂರು ತೆಗೆದುಕೊಂಡರೆ ತಡೆಯುವವರಿರಲಿಲ್ಲ. ಕದ್ದ ತುಂಡಿನಿಂದ ನಿಜ ಹೇಳಿಸುವುದು ಅವಳಿಗೆ ಒಗ್ಗಲಿಲ್ಲ, ಅಷ್ಟೆ.

ಸಭೆಯ ದಿನ ಬಂತು. ಅವಳ ಭಾಷಣದ ಬದಲಿಗೆ ಒಂದು ಚಿಕ್ಕ ಹೇಳಿಕೆಗೆ ನಿರ್ದೇಶಕರು ಗೊಣಗುತ್ತ ಅವಕಾಶ ಕೊಟ್ಟಿದ್ದರು. ಅವಳು ವೇದಿಕೆಯೇರಿ, ನಡೆದದ್ದನ್ನು ಹೇಳಿದಳು: ಗಿಡ ಕಸಿಯದು, ಎಲೆ ಕಸಿಗೆರೆಯ ಕೆಳಗಿನದು, ಗಿಡವನ್ನು ಸರಿಯಾಗಿ ನೋಡದೆ ಎಲೆ ಕಿತ್ತದ್ದು ತನ್ನ ತಪ್ಪು, ಆದ್ದರಿಂದ ಆ ಫಲಿತಾಂಶವನ್ನು ಹಿಂತೆಗೆದುಕೊಂಡಿದ್ದೇನೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅತ್ತೆಯ ವಿಷಯ ಅವಳ ಬಾಯಿಂದ ಬರಲಿಲ್ಲ. ಅತ್ತೆ ಮುಂದಿನ ಸಾಲಿನಲ್ಲಿ ಸೆರಗು ಹೊದ್ದು ಕೂತಿದ್ದರು. ಅವರು ಇಷ್ಟು ದಿನ ಕಾಪಾಡಿಕೊಂಡು ಬಂದ ಪ್ರಶ್ನೆಗೆ ಈಗ ಕೆಲಸವಿರಲಿಲ್ಲ.

ಅವಳು ಇಳಿಯುವಷ್ಟರಲ್ಲಿ ಒಣಗಿಡಗಳ ಸಂಗ್ರಹಾಲಯದ ಹಿರಿಯ ಪಾಲಕರು ಎದ್ದು ನಿಂತರು. ಅವರು ಅತ್ತೆಯ ಸಮಕಾಲೀನರು, ಹೊಸ ಯಂತ್ರಗಳ ಮೇಲೆ ಹಳೆಯ ಕೋಪವುಳ್ಳವರು. ನೋಡಿ, ಈ ಡಿಎನ್‌ಎ ಎಂಬುದರ ಬಂಡವಾಳ ಇಷ್ಟೇ ಎಂದರು. ನಮ್ಮ ಕಣ್ಣಿಗೆ ಕಂಡದ್ದೇ ಸತ್ಯ ಎಂದರು. ಆ ಉಂಗುರ ಉಂಗುರವೇ, ಆ ಕುಲ ಕುಲವೇ. ಇಂದಿಗೆ ಅದು ಅಲುಗದೆ ನಿಂತಿತು ಎಂದು ಅತ್ತೆಯ ಕಡೆ ಕೈಮಾಡಿದರು. ಅವರ ವಯಸ್ಸಿನವರೆಲ್ಲ ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿದ್ದವರು ಅತ್ತೆಯ ಕೈ ಹಿಡಿದು ಕುಲುಕಿದರು.

ಇದೇ ಚಪ್ಪಾಳೆಗಾಗಿ ತಾನೇ ಅತ್ತೆ ಕಾದದ್ದು? ಆದರೆ ಕೈ ಕುಲುಕಿಸಿಕೊಳ್ಳುತ್ತಿದ್ದವರ ಮುಖ, ಪುಟ ತಪ್ಪಾಗಿ ಓದಿದ ವಿದ್ಯಾರ್ಥಿಗೆ ಬಹುಮಾನ ಕೊಡುವುದನ್ನು ನೋಡುತ್ತಿರುವ ಉಪಾಧ್ಯಾಯಿನಿಯ ಮುಖದಂತೆ ಬಿಗಿಯುತ್ತ ಹೋಯಿತು. ಅವರು ಕೈ ಬಿಡಿಸಿಕೊಂಡು ಎದ್ದರು.

“ನಿಂತಿಲ್ಲ,” ಎಂದರು. ಮೈಕು ಬೇಕಾಗಲಿಲ್ಲ. “ಬಿದ್ದಿಲ್ಲ ಅಂದ ಮಾತ್ರಕ್ಕೆ ನಿಂತಿದೆ ಅಂತಲ್ಲ. ಆ ಗಿಡಾನ ಯಾರೂ ಇನ್ನೂ ಓದೇ ಇಲ್ಲ. ಕಸಿ ಕಟ್ಟಿದವಳು ನಾನು. ಚೀಟೀಲಿ ಬರೀದೆ ಬಿಟ್ಟವಳು ನಾನು. ಇವಳು ತಪ್ಪು ಚಿಗುರಿಗೆ ಕೈ ಹಾಕಿದಾಗ ಪಕ್ಕದಲ್ಲಿ ನಿಂತು ಸುಮ್ಮನೆ ನೋಡಿದವಳೂ ನಾನೇ. ಅದನ್ನ ಇವಳು ಹೇಳಲಿಲ್ಲ. ಹೇಳಬೇಕಿತ್ತು.”

ಕೊನೆಯ ಮಾತು ಸೊಸೆಗೆ ಬೈಗುಳದಂತೆ ಕೇಳಿಸಿತು, ಬೈಗುಳವೇ ಆಗಿತ್ತು. ನಿರ್ದೇಶಕರು ಮುಂದಿನ ಭಾಷಣಕಾರರನ್ನು ಅವಸರವಸರವಾಗಿ ಕರೆದರು. ಅಷ್ಟರಲ್ಲಿ ಅತ್ತೆ ಸಾಲಿನಿಂದ ಹೊರಬಂದು ಬಾಗಿಲತ್ತ ನಡೆದಿದ್ದರು, ಹಿಂದೆ ತಿರುಗಿ ನೋಡದೆ, “ಬಾ” ಎಂದಷ್ಟೇ ಹೇಳಿ.

ಗಾಜಿನ ಮನೆಯಲ್ಲಿ ಅವರು ಕನ್ನಡಕ ಬದಲಿಸಿದರು, ಸೊಸೆಯ ಜೇಬಿನ ಬ್ಲೇಡನ್ನು ಕೇಳಿ ಪಡೆದರು. ಅದು ಅವಳಲ್ಲಿ ಇದ್ದೇ ಇರುವುದೆಂದು ಅವರಿಗೆ ಹೇಗೆ ಗೊತ್ತಾಯಿತೋ. ಕುಂಡವನ್ನು ಬೆಳಕಿಗೆ ತಿರುಗಿಸಿ, ಬೂದು ತಲೆಯನ್ನು ಎರಡು ಬೆರಳಲ್ಲಿ ಹಿಡಿದು, ಕೆಲ ಹೊತ್ತು ಹಾಗೆಯೇ ನಿಂತರು. ನಾನು ಮಾಡಲೇ ಎಂದು ಸೊಸೆ ಕೇಳಿದಳು. ಅತ್ತೆ ತಲೆಯಾಡಿಸಿ ಬೇಡವೆಂದು, ಒಂದೇ ಎಳೆತಕ್ಕೆ, ನಾಣ್ಯದಷ್ಟು ತೆಳುವಾದ ಹೋಳನ್ನು ತಲೆಯ ಮಗ್ಗುಲಿನಿಂದ ತೆಗೆದರು. ಗಾಯದಲ್ಲಿ ಹಾಲು ಮುತ್ತುಮುತ್ತಾಗಿ ಕಟ್ಟಿತು. ತೇವದ ಬಟ್ಟೆಯಿಂದ ಒತ್ತಿ, ಇದ್ದಿಲ ಪುಡಿ ಹಚ್ಚಿದರು.

“ಇದು ಚಿಗುರುತ್ತೋ ಕೊಳೆಯುತ್ತೋ ಗೊತ್ತಿಲ್ಲ,” ಎಂದು ಹೋಳನ್ನು ಸೊಸೆಯ ಅಂಗೈಗೆ ಹಾಕಿದರು. “ನೀನು ಮಾತ್ರ ಇದನ್ನ ಹಾಳು ಮಾಡಬೇಡ.”

ಅದು ಹಾಳಾಗುವುದರಲ್ಲಿತ್ತು. ಎಲೆಯಲ್ಲಿ ಸಲೀಸಾಗಿ ನಡೆಯುತ್ತಿದ್ದ ಕೆಲಸ ಈ ಗಟ್ಟಿ ತಿರುಳಿನಲ್ಲಿ ನಡೆಯಲಿಲ್ಲ. ಮೊದಲ ಪ್ರಯತ್ನದಲ್ಲಿ ಹಾಲು ಗೋಂದಾಗಿ ನಳಿಕೆಯ ತಳ ಹಿಡಿಯಿತು, ಡಿಎನ್‌ಎ ಅದರೊಳಗೆಲ್ಲೋ ಹೂತುಹೋಯಿತು. ಹೋಳಿನ ಅರ್ಧ ಹೀಗೆ ವ್ಯರ್ಥವಾದಾಗ ಸೊಸೆ ಮೇಜಿಗೆ ಹಣೆಯಾನಿಸಿದಳು. ಉಳಿದರ್ಧವನ್ನು ಅವಳು ಉಪ್ಪುನೀರಿನಲ್ಲಿ ಮತ್ತೆ ಮತ್ತೆ ತೊಳೆದು, ಹಾಲೆಲ್ಲ ಬಿಡುವವರೆಗೂ ಕಾದು, ಉಗುರು ಕಚ್ಚುತ್ತ ಕೆಲಸ ಮುಂದುವರಿಸಿದಳು. ಈ ಬಾರಿ ನಳಿಕೆಯಲ್ಲಿ ಹತ್ತಿಯೆಳೆಯಂತೆ ಡಿಎನ್‌ಎ ತೇಲಿತು. ಯಂತ್ರ ಅದನ್ನು ಓದಿ ಮುಗಿಸುವವರೆಗೆ ಅವಳೂ ಮನುಷ್ಯಳಾಗಿರಲಿಲ್ಲ, ಮನೆಯೂ ಮನೆಯಾಗಿರಲಿಲ್ಲ. ಅತ್ತೆ ಫಲಿತಾಂಶದ ಸುದ್ದಿಯನ್ನು ಕೇಳುತ್ತಿರಲಿಲ್ಲ. ಆದರೆ ಸೊಸೆ ಬಾಗಿಲು ತೆರೆದಾಗೆಲ್ಲ ಕೈಯಲ್ಲಿದ್ದ ಕೆಲಸ ನಿಲ್ಲಿಸುತ್ತಿದ್ದರು.

ಅಕ್ಷರಗಳು ಬಂದ ದಿನ ಸೊಸೆ ಫೋನಿನಲ್ಲಿ ಹೇಳದೆ, ಪ್ರಯೋಗಾಲಯಕ್ಕೇ ಬರಲು ಅತ್ತೆಯನ್ನು ಕರೆದಳು. ಪರದೆಯ ಮುಂದೆ ಕುರ್ಚಿ ಎಳೆದು ಕೂರಿಸಿ, ಮಾತಿಗೆ ಸಕ್ಕರೆ ಸವರದೆ ತೋರಿಸಿದಳು. ಗಿಡ ಬೇಲಿಕಳ್ಳಿಯಲ್ಲ, ಅದರ ಹತ್ತಿರಕ್ಕೂ ಇಲ್ಲ. ಅದು ತನ್ನದೇ ಆದ ಪ್ರಭೇದ, ಅದರಲ್ಲಿ ಸಂಶಯವಿಲ್ಲ. ಆದರೆ ಪ್ರತ್ಯೇಕ ಕುಲವೂ ಅಲ್ಲ. ಮರದ ಹೊರಗೆ ಒಂಟಿಯಾಗಿ ನಿಲ್ಲುವ ಬದಲು ಅದು ದೊಡ್ಡ ಕಳ್ಳಿಕುಲದ ನಟ್ಟನಡುವೆ, ಒಣನೆಲದ ಕಡ್ಡಿಕಳ್ಳಿಗಳ ಗುಂಪಿನೊಳಗೆ ಕೂತಿತ್ತು. ಕುಲ ಬೀಳುತ್ತದೆಂಬ ನಿರ್ದೇಶಕರ ಊಹೆಯೇ ಸರಿಯಾಗಿತ್ತು. ಊಹೆ ಸರಿಯಾದದ್ದರಿಂದ ಅವರ ಮಾತು ಸರಿಯಾಗುವುದಿಲ್ಲ ಎಂಬುದನ್ನು ಅವರಿಗೆ ತಿಳಿಸಿ ಹೇಳುವ ಶಕ್ತಿ ಯಾರಿಗಿದೆಯೋ ತಿಳಿಯದು.

ಅತ್ತೆ ಬಹಳ ಹೊತ್ತು ಪರದೆ ನೋಡಿದರು. ಬೆರಳನ್ನು ಗಾಜಿಗೆ ತಾಗಿಸದೆ, ಗಾಳಿಯಲ್ಲಿಯೇ ಕವಲಿನ ಗುಂಟ ಎಳೆಯುತ್ತ ಹೋದರು.

“ಇದರ ತಂಗಿ ಯಾರು?”

ಸೊಸೆ ಪಕ್ಕದ ಕವಲಿನ ಹೆಸರನ್ನು ತೋರಿಸಿದಳು.

“ಅದಾ?” ಅತ್ತೆ ಮೂಗು ಮುರಿದರು. “ಆ ಪೊರಕೆ ಕಡ್ಡಿನಾ?” ಆಮೇಲೆ ತಮಗೇ ಎಂಬಂತೆ ಹೇಳಿಕೊಂಡರು. ಅದರ ಗ್ರಂಥಿಗಳೂ ಕೆಲವೊಮ್ಮೆ ಅಂಚಿನಲ್ಲಿ ಕೂಡಿಕೊಂಡಿರುವುದನ್ನು ಒಮ್ಮೆ ತಾವೇ ಕಂಡಿದ್ದರಂತೆ. ಅದನ್ನು ಹುಳು ತಿಂದು ವಿಕಾರವಾದದ್ದೆಂದು ಪಕ್ಕಕ್ಕಿಟ್ಟಿದ್ದರಂತೆ. ನೋಡಬಾರದೆಂದು ನಿಶ್ಚಯಿಸಿದ ಕಣ್ಣಿಗೆ ಭೂತಗನ್ನಡಿ ಏನು ಮಾಡೀತು?

ಈ ಗಿಡಕ್ಕೆ ದೊಡ್ಡ ಕುಲದೊಳಗೆ ಹೊಸ ಹೆಸರು ಕೊಟ್ಟು ಪ್ರಕಟಿಸಬೇಕಾಗುತ್ತದೆ, ಅದನ್ನು ನೀವೇ ಬರೆಯಿರಿ ಎಂದಳು ಸೊಸೆ. ಅದು ದಾಕ್ಷಿಣ್ಯದ ಮಾತಾಗಿರಲಿಲ್ಲ. ಕುಲವನ್ನು ಬೇರೊಬ್ಬರು ಅಳಿಸುವುದಕ್ಕಿಂತ ಅದನ್ನು ಕಟ್ಟಿದವರೇ ಅಳಿಸುವುದು ಮೇಲೆಂದು ಅವಳು ನಂಬಿದ್ದಳು.

ಅತ್ತೆ ಥಟ್ಟನೆ ತಿರುಗಿದರು. ಕಣ್ಣಂಚು ಒದ್ದೆಯಾಗಿತ್ತು, ದನಿಯಲ್ಲಿ ಮಾತ್ರ ತೇವವಿರಲಿಲ್ಲ.

“ನಾನ್ಯಾಕೆ ಬರೀಲಿ? ಅರ್ಧ ಹೋಳು ಓದಿಕೊಂಡು ಕುಲ ತೆಗೀತೀಯಾ? ಎಷ್ಟು ಜೀನ್ ನೋಡಿದ್ದೀಯ?”

ಎಲೆಯಲ್ಲಿ ಹಲವನ್ನು ಓದಿದ್ದೆ, ಇದರಲ್ಲಿ ಸಿಕ್ಕಿದ್ದು ಎರಡೇ ಎಂದಳು ಸೊಸೆ.

“ಎರಡೂ ಎಲ್ಲಿಂದ ಬಂದದ್ದು?”

ಜೀವಕೋಶದೊಳಗಿನ ಹಸಿರು ಕಣಗಳಿಂದ, ತಾಯಿಯ ಕಡೆಯಿಂದ ಮಾತ್ರ ಇಳಿದು ಬರುವಂಥವು ಎಂದು ಸೊಸೆ ಒಪ್ಪಿಕೊಳ್ಳಬೇಕಾಯಿತು.

“ಹಾಗಾದ್ರೆ ತಂದೆ ಕಡೆ ಕಥೆ ಯಾರು ಕೇಳಿದ್ರು? ಎಲ್ಲೋ ಹಿಂದೆ ಮಿಶ್ರ ಆಗಿದ್ರೆ? ಅದನ್ನೂ ಓದು. ಆಮೇಲೂ ಇದೇ ಬಂದ್ರೆ ನಾನೇ ಬರೀತೀನಿ. ನಿಂಗೆ ಬಿಡಲ್ಲ.”

ಸೊಸೆಗೆ ರೇಗಿತು, ಏಕೆಂದರೆ ಮಾತು ಸರಿಯಾಗಿತ್ತು. ಸಮಿತಿ ಅವಳ ಹುದ್ದೆಯ ವಿಷಯವನ್ನು ಮುಂದೂಡಿ ಆಗಿತ್ತು. ಅವಸರಿಸುವುದಕ್ಕೆ ಅವಳಿಗೂ ಈಗ ಕಾರಣವಿರಲಿಲ್ಲ. ನಳಿಕೆಯಲ್ಲಿ ಉಳಿದದ್ದು ಇನ್ನೊಂದು ಓದಿಗೆ ಸಾಕಾದೀತೇ ಎಂದು ಬೆಳಕಿಗೆ ಹಿಡಿದು ನೋಡಿದಳು. ತಳದಲ್ಲೊಂದು ಹನಿಯಿತ್ತು. ಅವಳು ಕೈಗವಸು ಎಳೆದುಕೊಂಡಳು. ಅತ್ತೆ ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಹತ್ತಿರ ಸರಿಸಿ, ಇದೇನು ಹಾಕಿದೆ, ಅದನ್ನು ಯಾಕೆ ಅಲುಗಿಸಿದೆ, ಇಷ್ಟು ಸಣ್ಣ ಹನಿಯಲ್ಲಿ ಏನು ಸಿಗುತ್ತದೆ ಎಂದು ಹೆಜ್ಜೆಹೆಜ್ಜೆಗೂ ಕೇಳತೊಡಗಿದರು. ಮೇಜಿನ ಮೇಲೆ ಫೋನು ಗುನುಗಿತು. ಸೊಸೆಯ ಕೈ ಬಿಡುವಿರಲಿಲ್ಲ, ಅತ್ತೆಯೇ ಎತ್ತಿದರು. ಆ ಕಡೆ ಮಗ, ಇಬ್ಬರೂ ಊಟಕ್ಕೆ ಬರುವಿರೋ ಇಲ್ಲವೋ, ಜಗಳವಾಡುತ್ತಿದ್ದೀರೋ ಏನು ಎಂದು ಕೇಳುತ್ತಿದ್ದ.

“ಆಡ್ತಾ ಇದ್ದೀವಿ,” ಎಂದರು ಅತ್ತೆ. “ಇನ್ನೂ ಮುಗಿದಿಲ್ಲ. ನೀನು ತಿನ್ನು.”